ಓದುಗರ ಪ್ರಶ್ನೆ: ಅರ್ಧ ದೇಶದ ಎಲೆಕ್ಷನ್‌ಗೆ ಸಾಕ್ಷಿ ಹಾಕಿದವರು

ಹೋದ ತಿಂಗಳು ಇದೇ ಅಂಕಣದಲ್ಲಿ, ಕೊರಿಯಾ ಎರಡಾಗಿದ್ದು 1950ರ ಯುದ್ಧದಿಂದಲ್ಲ, ಅದಕ್ಕೂ ಎರಡು ವರ್ಷ ಮುಂಚೆ ನಡೆದ ಒಂದು ಎಲೆಕ್ಷನ್‌ನಲ್ಲೇ ಅದು ಗಟ್ಟಿಯಾಗಿಬಿಡ್ತು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರ್ತವೆ ಅಂತ ಅಂದ್ಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಪೂರ್ತಿ ಅದೇ.

ಪ್ರಶ್ನೆ: ಸರ್, ನಾ ಧಾರವಾಡದಾಗ ಎಂ.ಎ. ಹಿಸ್ಟರಿ ಓದಾಕತ್ತೇನಿ. ಆ ಎಲೆಕ್ಷನ್ ನೋಡ್ಕೊಳ್ಳಾಕ ಯುಎನ್‌ದವ್ರು ಹೋಗಿದ್ರಂತ, ಅವರ ಚೇರ್ಮನ್ ನಮ್ಮ ದೇಶದವ್ರ ಇದ್ರಂತ. ದೇಶ ಕೂಡಸಾಕ ಹೋದವ್ರ ಅದು ಒಡಿಯಾಕ ಹೆಂಗ ಕಾರಣ ಆದ್ರು?

ಉತ್ತರ: ಚೇರ್ಮನ್ ನಮ್ಮವರೇ ಇದ್ದದ್ದು ನಿಜ. ಕೆ.ಪಿ.ಎಸ್. ಮೆನನ್. (ತುಂಬ ಜನ ವಿ.ಕೆ. ಕೃಷ್ಣ ಮೆನನ್ ಅಂತ ಕನ್‌ಫ್ಯೂಸ್ ಮಾಡ್ಕೋತಾರೆ, ಅವರು ಬೇರೆ, ಅವರ ವಿಷಯ ಆಮೇಲೆ ಬರುತ್ತೆ.) ಇವರು ಆಗ ಚೀನಾದಲ್ಲಿ ನಮ್ಮ ರಾಯಭಾರಿ, ಆಮೇಲೆ ಸ್ವತಂತ್ರ ಭಾರತದ ಮೊದಲ ವಿದೇಶಾಂಗ ಕಾರ್ಯದರ್ಶಿ ಆದ್ರು.

ಸ್ವಲ್ಪ ಹಿಂದಕ್ಕೆ ಹೋಗೋಣ. 1910ರಿಂದ ಕೊರಿಯಾ ಜಪಾನಿನ ಕೈಲಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲ್ತಾ ಇದ್ದಾಗ ಅಮೆರಿಕದ ಇಬ್ಬರು ಕರ್ನಲ್‌ಗಳು, ಡೀನ್ ರಸ್ಕ್ ಮತ್ತೆ ಚಾರ್ಲ್ಸ್ ಬೋನ್‌ಸ್ಟೀಲ್ ಅಂತ, ಒಂದು ರಾತ್ರಿ ಮ್ಯಾಪ್ ಮುಂದಿಟ್ಕೊಂಡು 38ನೇ ಅಕ್ಷಾಂಶದ ಮೇಲೆ ಗೆರೆ ಎಳೆದ್ರು, ಮೇಲಿನ ಕಡೆ ಜಪಾನಿ ಸೈನ್ಯ ರಷ್ಯಾಕ್ಕೆ ಶರಣಾಗ್ಲಿ, ಕೆಳಗಿನ ಕಡೆ ನಮಗೆ ಅಂತ. ಆ ಗೆರೆ ಇದ್ದದ್ದು ಬರೀ ಶರಣಾಗತಿಗೆ, ಕೊರಿಯಾದವರನ್ನ ಯಾರೂ ಒಂದು ಮಾತು ಕೇಳಿರಲಿಲ್ಲ. ಸೋತದ್ದು ಜಪಾನ್, ಎರಡು ಹೋಳಾಗಿದ್ದು ಅದರ ಕೈಲಿ 35 ವರ್ಷ ನರಳಿದ ಕೊರಿಯಾ, ಇದನ್ನ ಓದುವಾಗೆಲ್ಲ ನಂಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

1946ರಲ್ಲಿ, 1947ರಲ್ಲಿ ಅಮೆರಿಕ ರಷ್ಯಾ ಕೂತು ಮಾತಾಡಿದ್ರು, ಬಗೆಹರೀಲಿಲ್ಲ. ಆಗ ಅಮೆರಿಕ ಈ ವಿಷಯನ ವಿಶ್ವಸಂಸ್ಥೆಗೆ ತಗೊಂಡು ಹೋಯ್ತು, 1947ರ ನವೆಂಬರ್ 14ಕ್ಕೆ ನಿರ್ಣಯ ಆಯ್ತು, ಒಂಬತ್ತು ದೇಶಗಳ ತಾತ್ಕಾಲಿಕ ಆಯೋಗ ಹೋಗ್ಬೇಕು, ಇಡೀ ಕೊರಿಯಾದಲ್ಲಿ ಚುನಾವಣೆ ಆಗ್ಬೇಕು, ಆಯೋಗ ಅದನ್ನ ನೋಡ್ಬೇಕು. ಆಸ್ಟ್ರೇಲಿಯಾ, ಕೆನಡಾ, ಚೀನಾ, ಎಲ್ ಸಾಲ್ವಡಾರ್, ಫ್ರಾನ್ಸ್, ಭಾರತ, ಫಿಲಿಪ್ಪೀನ್ಸ್, ಸಿರಿಯಾ, ಉಕ್ರೇನ್. ಉಕ್ರೇನ್ ಆಗ ಸೋವಿಯತ್ ಒಳಗಿತ್ತು, ಬರೋದೇ ಇಲ್ಲ ಅಂತು. ಉಳಿದ ಎಂಟು ದೇಶದವರು 1948ರ ಜನವರಿಯಲ್ಲಿ ಕೊರಿಯಾದ ರಾಜಧಾನಿ ಸೋಲ್‌ಗೆ ಬಂದು ಕೂತ್ರು, ಉತ್ತರದ ಸೋವಿಯತ್ ಕಮಾಂಡರ್‌ಗೆ ಪತ್ರ ಬರೆದ್ರು, ಗೆರೆ ದಾಟೋಕೆ ಬಿಡಲೇ ಇಲ್ಲ. ರಷ್ಯಾದ ವಾದ ಏನಂದ್ರೆ ಮೊದಲು ಎರಡೂ ಸೈನ್ಯ ವಾಪಸ್ ಹೋಗ್ಲಿ, ಆಮೇಲೆ ಕೊರಿಯಾದವರೇ ನೋಡ್ಕೋತಾರೆ ಅಂತ.

ಇಲ್ಲಿಗೆ ಆಯೋಗದ ಮುಂದೆ ಎರಡೇ ದಾರಿ. ನಮ್ಮ ಕೈಲಿ ಆಗಲಿಲ್ಲ ಅಂತ ವಾಪಸ್ ಬರೋದು, ಇಲ್ಲಾ ಸಿಕ್ಕಿದಷ್ಟು ಜಾಗದಲ್ಲಿ ಎಲೆಕ್ಷನ್ ಮಾಡ್ಸೋದು. ಮೆನನ್ ಅವರು ಮೊದಲಿಂದ ಹೇಳ್ತಿದ್ದದ್ದು ಕೊರಿಯಾ ಒಂದೇ, ಬೇರೆ ಮಾಡಬಾರದು ಅಂತಾನೇ. ಫೆಬ್ರವರಿಯಲ್ಲಿ ಅವರೇ ನ್ಯೂಯಾರ್ಕ್‌ಗೆ ಹೋಗಿ, ಎಲ್ಲರೂ ಲಿಟಲ್ ಅಸೆಂಬ್ಲಿ ಅಂತಿದ್ದ ವಿಶ್ವಸಂಸ್ಥೆಯ ಮಧ್ಯಂತರ ಸಮಿತಿ ಮುಂದೆ ಪರಿಸ್ಥಿತಿ ವಿವರಿಸಿದ್ರು. ಫೆಬ್ರವರಿ 26ಕ್ಕೆ ಓಟಿಂಗ್ ಆಯ್ತು, ಪರ 31, ವಿರೋಧ 2, ತಟಸ್ಥ 11. ಆಯೋಗಕ್ಕೆ ಹೋಗೋಕೆ ಸಾಧ್ಯ ಇರೋ ಭಾಗದಲ್ಲಿ ಚುನಾವಣೆ ನಡೀಲಿ ಅಂತ. ವಿರೋಧ ಮಾಡಿದ ಇಬ್ಬರು ಯಾರು ಗೊತ್ತಾ, ಕೆನಡಾ ಮತ್ತೆ ಆಸ್ಟ್ರೇಲಿಯಾ, ಅಂದ್ರೆ ಅಮೆರಿಕದ ಹತ್ತಿರದ ಗೆಳೆಯರೇ. ಇಡೀ ದೇಶಕ್ಕೆ ಅಂತ ಕೊಟ್ಟ ಕೆಲಸನ ಅರ್ಧಕ್ಕೆ ಮಾಡೋಕೆ ಬರಲ್ಲ ಅನ್ನೋದು ಅವರ ನಿಲುವು. ಆಯೋಗದ ಒಳಗೂ ಒಮ್ಮತ ಇರಲಿಲ್ಲ, ಮಾರ್ಚ್ 12ಕ್ಕೆ ನಡೆದ ಮತದಾನದಲ್ಲಿ ನಾಲ್ಕು ದೇಶ ಹೂಂ, ಎರಡು ಊಹೂಂ, ಎರಡು ತಟಸ್ಥ. ಆ ನಾಲ್ಕರಲ್ಲಿ ಭಾರತ ಒಂದು.

ನಂಗನ್ಸೋದು ಹೇಳ್ತೀನಿ. ನಮ್ಮ ಕಡೆ ಅಣ್ಣತಮ್ಮಂದಿರು ಜಗಳ ಆಡಿದಾಗ ಪಂಚಾಯ್ತಿ ಮಾಡೋಕೆ ನಾಲ್ಕು ಜನ ಹಿರಿಯರನ್ನ ಕರೆಸ್ತಾರಲ್ಲ, ಬಂದ ಹಿರಿಯರು ಒಬ್ಬ ತಮ್ಮ ಮನೆಯಿಂದ ಆಚೆಗೇ ಬರಲಿಲ್ಲ ಅಂತ ಇನ್ನೊಬ್ಬನ ಪಾಲುಪತ್ರಕ್ಕೆ ಸಾಕ್ಷಿ ಸಹಿ ಹಾಕಿ ಎದ್ದು ಹೋದ್ರೆ ಹೇಗಿರುತ್ತೆ, ಹಾಗಾಯ್ತು ಇದು. ಬಂದವರಲ್ಲಿ ಯಾರೂ ಕೆಟ್ಟವರಲ್ಲ. ಆದ್ರೆ ಬಂದ ಕೆಲಸ ಬೇರೆ, ಮಾಡಿದ ಕೆಲಸ ಬೇರೆ ಆಗೋಯ್ತು, ಕೆಲಸ ಬದಲಾಯ್ತು ಅಂತ ಆ ಊರಿನ ಜನಕ್ಕೆ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಕೊರಿಯಾದ ಹಿರಿಯ ಹೋರಾಟಗಾರ ಕಿಮ್ ಕೂ ಇದನ್ನ ಆಗಲೇ ಕಂಡಿದ್ರು, ಪ್ರತ್ಯೇಕ ಎಲೆಕ್ಷನ್ ಬೇಡ ಅಂತ ಏಪ್ರಿಲ್‌ನಲ್ಲಿ ತಾವೇ ಗೆರೆ ದಾಟಿ ಪ್ಯಾಂಗ್ಯಾಂಗ್‌ಗೆ ಹೋಗಿ ಮಾತಾಡ್ಕೊಂಡು ಬಂದ್ರು. ಕಮ್ಯುನಿಸ್ಟ್ ಅಲ್ಲ ಅವರು, ಕಟ್ಟಾ ರಾಷ್ಟ್ರವಾದಿ. 1949ರ ಜೂನ್‌ನಲ್ಲಿ ಅವರನ್ನ ಸೋಲ್‌ನಲ್ಲೇ ಒಬ್ಬ ಸೈನ್ಯಾಧಿಕಾರಿ ಗುಂಡು ಹೊಡೆದು ಕೊಂದ.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ರಿಟೈರ್ಡ್ ಮೇಷ್ಟ್ರು. ಎಷ್ಟೋ ಎಲೆಕ್ಷನ್‌ಗೆ ಡ್ಯೂಟಿ ಹಾಕಿಸ್ಕೊಂಡಿದ್ದೀನಿ. ಬೂತಲ್ಲಿ ಎಲ್ಲ ಸರಿಯಾಗೇ ನಡೆದಿರುತ್ತೆ, ಹಿಂದಿನ ರಾತ್ರಿ ಊರಲ್ಲಿ ಏನಾಯ್ತು ಅಂತ ನಮಗೇ ಗೊತ್ತಾಗಲ್ಲ. ಭಾಷೆನೇ ಬರದ ಹೊರಗಿನವರು ನೋಡಿ ಏನು ಹೇಳೋಕಾಗುತ್ತೆ?

ಉತ್ತರ: ಮೇಷ್ಟ್ರೇ, ಅನುಭವದ ಮಾತು ನಿಮ್ಮದು.

1948ರ ಮೇ 10, ಸೋಮವಾರ. (ಮೊದಲು 9ಕ್ಕೆ ಅಂತ ಇತ್ತು, ಭಾನುವಾರ ಬೇಡ ಅಂತ ಅಲ್ಲಿನ ಕ್ರೈಸ್ತರು ಕೇಳಿಕೊಂಡ್ರು.) 200 ಸೀಟು, 948 ಅಭ್ಯರ್ಥಿಗಳು. 21 ದಾಟಿದ ಗಂಡಸರು ಹೆಂಗಸರು ಎಲ್ಲರಿಗೂ ಓಟು. ಓದು ಬರದವರೇ ಜಾಸ್ತಿ ಅಂತ ಅಭ್ಯರ್ಥಿಯ ನಂಬರನ್ನ ಉದ್ದುದ್ದ ಗೆರೆಗಳಾಗಿ ಬರೀತಿದ್ರು, ಒಂದನೆಯವನಿಗೆ ಒಂದು ಗೆರೆ, ಐದನೆಯವನಿಗೆ ಐದು, ಎಣಿಸೋಕೆ ಬಂದ್ರೆ ಸಾಕು. ನಮ್ಮ 1951-52ರ ಮೊದಲ ಮಹಾಚುನಾವಣೆಯಲ್ಲಿ ಇದೇ ತೊಂದರೆಗೆ ಜೋಡೆತ್ತು, ಗುಡಿಸಲು ಅಂತ ಚಿಹ್ನೆ ಬಂದ್ವಲ್ಲ, ಅಲ್ಲಿ ಕಡ್ಡಿ ಎಣಿಸಿದ್ರು. ಹೆಸರು ನೋಂದಾಯಿಸಿದವರಲ್ಲಿ ಶೇಕಡ 95ರಷ್ಟು ಜನ ಓಟ್ ಹಾಕಿದ್ರು. ಜೀವನದಲ್ಲೇ ಮೊದಲ ಸಲ.

ಈಗ ನೀವು ಹೇಳಿದ ಹಿಂದಿನ ರಾತ್ರಿ ವಿಷಯ. ಎಲೆಕ್ಷನ್ ನಡೆಸಿದ್ದು ಆಯೋಗ ಅಲ್ಲ, ಜನರಲ್ ಹಾಡ್ಜ್ ಕೈಕೆಳಗಿದ್ದ ಅಮೆರಿಕದ ಸೈನಿಕ ಸರ್ಕಾರ. ಪೊಲೀಸರಲ್ಲಿ ಎಷ್ಟೋ ಜನ ಜಪಾನಿನವರ ಕಾಲದಿಂದಲೂ ಅದೇ ಕೆಲಸದಲ್ಲಿದ್ದವರು. ಅವರ ಜೊತೆಗೆ ಊರು ಕಾಯೋಕೆ ಅಂತ ಹ್ಯಾಂಗ್‌ಬೋದಾನ್ ಅನ್ನೋ ದಳ ಎಲೆಕ್ಷನ್‌ಗೆ ಮುಂಚೆ ಕಟ್ಟಿದ್ರು, ಬಲಪಂಥದ ಯುವಕರ ಸಂಘಗಳು ಬೇರೆ. ಹೆಸರು ನೋಂದಾಯಿಸದೇ ಇದ್ರೆ ಅಕ್ಕಿ ರೇಷನ್ ಕಾರ್ಡು ಹೋಗುತ್ತೆ ಅಂತ ಬೆದರಿಸಿದ್ರು ಅನ್ನೋ ದೂರು ಆಯೋಗದ ಮುಂದೇನೇ ಬಂತು. ಇನ್ನೊಂದು ಕಡೆ ಎಡಪಂಥದವರು ಪೊಲೀಸ್ ಸ್ಟೇಷನ್, ಮತಗಟ್ಟೆ, ಚುನಾವಣಾ ಅಧಿಕಾರಿಗಳ ಮೇಲೆ ದಾಳಿ ಮಾಡ್ತಿದ್ರು, ಎಲೆಕ್ಷನ್ ಹತ್ತಿರದ ಆ ತಿಂಗಳುಗಳಲ್ಲಿ ಸತ್ತವರು ನೂರಾರು. ಮುಂದೆ ಅಧ್ಯಕ್ಷರಾದ ಸಿಂಗ್ಮನ್ ರೀ ಅವರ ಕ್ಷೇತ್ರದಲ್ಲಿ ಎದುರು ನಿಂತಿದ್ದ ಚೊಯ್ ನಂಗ್‌ಜಿನ್ ಅವರ ಉಮೇದುವಾರಿಕೆ ಎಲೆಕ್ಷನ್ ಹತ್ರ ಬಂದಾಗ ರದ್ದಾಯ್ತು, ರೀ ಅವಿರೋಧ ಆಯ್ಕೆ.

ಆಯೋಗದ ಹತ್ರ ಇದ್ದದ್ದು ಬೆರಳೆಣಿಕೆ ತಂಡಗಳು, ಜೀಪಲ್ಲಿ ಓಡಾಡ್ಕೊಂಡು, ದುಭಾಷಿ ಹೇಳಿದ್ದು ಕೇಳ್ಕೊಂಡು. ಸಾವಿರಾರು ಮತಗಟ್ಟೆ ಎಲ್ಲಿ, ಇವರೆಲ್ಲಿ. ಹಾಗಂತ ಸುಮ್ನೆ ಕೂತಿರಲಿಲ್ಲ, ಅದನ್ನೂ ಹೇಳ್ಬೇಕು. ಚುನಾವಣಾ ಕಾನೂನು ತಿದ್ದೋಕೆ ಸಲಹೆ ಕೊಟ್ರು, ರಾಜಕೀಯ ಕೈದಿಗಳನ್ನ ಬಿಡಿ ಅಂತ ಒತ್ತಾಯ ಮಾಡಿದ್ರು, ಮೂರು ಸಾವಿರಕ್ಕೂ ಹೆಚ್ಚು ಜನಕ್ಕೆ ಕ್ಷಮಾದಾನ ಸಿಕ್ತು.

ಹಾಗಾದ್ರೆ ಎಲ್ಲ ನಾಟಕನಾ ಅಂದ್ರೆ, ಅಲ್ಲ, ಖಂಡಿತ ಅಲ್ಲ. ರಿಸಲ್ಟ್ ನೋಡಿ. ರೀ ಬೆಂಬಲದ ಸಂಘಕ್ಕೆ 55 ಸೀಟು, ಜಮೀನ್ದಾರರ ಬೆಂಬಲ ಇದ್ದ ಡೆಮಾಕ್ರಟಿಕ್ ಪಾರ್ಟಿಗೆ 29, ಪಕ್ಷೇತರರಿಗೆ 85. ಅಷ್ಟು ಪೊಲೀಸು, ಅಷ್ಟು ದಳ, ಅಷ್ಟು ಹೆದರಿಕೆ ಇದ್ದೂ ಪರದೆ ಹಿಂದೆ ಹೋದ ರೈತ ತನಗೆ ಬೇಕಾದ ಗೆರೆಗೇ ಮುದ್ರೆ ಒತ್ತಿದ್ದಾನೆ. ಬೂತಿಗೆ ಹೋಗದೇ ಇರೋ ಸ್ವಾತಂತ್ರ್ಯ ಅವನಿಗಿರಲಿಲ್ಲ, ಒಳಗೆ ಹೋದ ಮೇಲೆ ಸ್ವಲ್ಪ ಇತ್ತು. ಇದನ್ನ ಎರಡು ಮಾತಲ್ಲಿ ಬರೀಬೇಕಿತ್ತು ಆಯೋಗ. ಬದಲಿಗೆ, ಆಯೋಗಕ್ಕೆ ಹೋಗೋಕೆ ಸಾಧ್ಯವಾದ, ಇಡೀ ಕೊರಿಯಾದ ಸುಮಾರು ಮೂರನೇ ಎರಡು ಭಾಗ ಜನ ಇರೋ ಪ್ರದೇಶದಲ್ಲಿ ಇದು ಮತದಾರರ ಸ್ವತಂತ್ರ ಇಚ್ಛೆಯ ಸರಿಯಾದ ಅಭಿವ್ಯಕ್ತಿ ಅಂತ ಜೂನ್‌ನಲ್ಲಿ ಬರೆದ್ರು. ಡಿಸೆಂಬರ್ 12ಕ್ಕೆ ಮಹಾಸಭೆಯೂ ಇದನ್ನೇ ಒಪ್ಪಿ, ಆ ಭಾಗದಲ್ಲಿ ಕಾನೂನುಬದ್ಧ ಸರ್ಕಾರ ಇದೆ ಅಂತು. "ಆ ಭಾಗ" ಅನ್ನೋ ಮಾತನ್ನ ಬರೆದವರು ತುಂಬ ಯೋಚನೆ ಮಾಡಿ ಬರೆದಿದ್ರು, ಆದ್ರೆ ಸೋಲ್‌ನಲ್ಲಿ ಅದನ್ನ ಇಡೀ ಕೊರಿಯಾಕ್ಕೆ ನಾವೇ ಅಂತ ಓದಿಕೊಂಡ್ರು.

ಈಗಿನ ಪದ್ಧತಿ ಬೇರೆ ಇದೆ ಮೇಷ್ಟ್ರೇ. ಒಳ್ಳೆ ವೀಕ್ಷಕರ ತಂಡ ತಿಂಗಳುಗಟ್ಟಲೆ ಮುಂಚೆ ಬಂದು ಮತದಾರರ ಪಟ್ಟಿ, ಪೊಲೀಸರು, ರೇಡಿಯೋ ಟಿವಿ ಎಲ್ಲ ನೋಡುತ್ತೆ, ಊರವರೇ ಆದ ವೀಕ್ಷಕರನ್ನ ಜೊತೆಗಿಟ್ಕೊಳ್ಳುತ್ತೆ. 1993ರಲ್ಲಿ ಕಾಂಬೋಡಿಯಾದಲ್ಲಿ ಎಲೆಕ್ಷನ್ನನ್ನ ವಿಶ್ವಸಂಸ್ಥೆಯೇ ನಡೆಸ್ತು, ನಿಮ್ಮ ಓಟು ಯಾರಿಗೂ ಗೊತ್ತಾಗಲ್ಲ ಅಂತ ತನ್ನದೇ ರೇಡಿಯೋದಲ್ಲಿ ದಿನಾ ಹೇಳ್ತು. ಹಿಂದಿನ ರಾತ್ರಿಯ ಹೆದರಿಕೆಗೆ ಅಷ್ಟಾದ್ರೂ ಮದ್ದು ಬೇಕು.

ಪ್ರಶ್ನೆ: ಹಾಯ್ ಸರ್, ಬೆಂಗಳೂರಿಂದ. ನಾನು ಕೆ-ಡ್ರಾಮಾ ಫ್ಯಾನ್, ಮುಂದಿನ ವರ್ಷ ಫ್ರೆಂಡ್ಸ್ ಜೊತೆ ಜೇಜು ದ್ವೀಪಕ್ಕೆ ಟ್ರಿಪ್ ಪ್ಲಾನ್ ಮಾಡ್ತಿದ್ದೀವಿ. ಅಲ್ಲೂ ಈ ಎಲೆಕ್ಷನ್ ಟೈಮಲ್ಲಿ ಏನೋ ಆಗಿತ್ತು ಅಂತ ಓದಿದೆ. ನಿಜನಾ?

ಉತ್ತರ: ಹೋಗಿ ಬನ್ನಿ ತಂಗಿ, ಚಂದದ ಜಾಗ. ಆದ್ರೆ ಒಂದು ಅರ್ಧ ದಿನ 4·3 ಶಾಂತಿ ಉದ್ಯಾನಕ್ಕೆ ಇಟ್ಕೊಳ್ಳಿ. 1948ರ ಏಪ್ರಿಲ್ 3ಕ್ಕೆ ಅಲ್ಲಿ ದಂಗೆ ಎದ್ದಿತು, ಪ್ರತ್ಯೇಕ ಎಲೆಕ್ಷನ್ ಬೇಡ ಅನ್ನೋದೂ ಅದಕ್ಕೆ ಒಂದು ಕಾರಣ, ಹಿಂದಿನ ವರ್ಷ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದ ಸಿಟ್ಟೂ ಇತ್ತು. ಮೇ 10ಕ್ಕೆ ಎಷ್ಟೋ ಜನ ಓಟ್ ಹಾಕಬಾರದು ಅಂತ ಗುಡ್ಡ ಹತ್ತಿ ಕೂತ್ರು. ದ್ವೀಪದ ಮೂರು ಕ್ಷೇತ್ರಗಳಲ್ಲಿ ಎರಡರಲ್ಲಿ ಅರ್ಧದಷ್ಟೂ ಓಟ್ ಬೀಳದೆ ಎಲೆಕ್ಷನ್ ಅಸಿಂಧು ಆಯ್ತು. ಅದಕ್ಕೇ 200ರಲ್ಲಿ ಗೆದ್ದು ಬಂದವರು 198.

ಆಮೇಲೆ ನಡೆದದ್ದು ಬರೆಯೋಕೆ ಕೈ ಬರಲ್ಲ. ಕಡಲ ತೀರದಿಂದ 5 ಕಿಲೋಮೀಟರ್ ದಾಟಿ ದ್ವೀಪದ ಒಳಭಾಗದಲ್ಲಿ ಕಂಡವರೆಲ್ಲ ಬಂಡುಕೋರರೇ ಅಂತ ಸೈನ್ಯದವರು ಘೋಷಿಸಿ, ಬೆಟ್ಟದ ಬುಡದ ಹಳ್ಳಿಗಳನ್ನ ಸುಟ್ಟು ಹಾಕಿದ್ರು. ಸತ್ತವರು 25ರಿಂದ 30 ಸಾವಿರ ಅಂತ ಅಂದಾಜು, ದ್ವೀಪದ ಹತ್ತರಲ್ಲಿ ಒಂದು ಪಾಲು ಜನ. ದಶಕಗಟ್ಟಲೆ ಬಾಯಿ ಬಿಡೋ ಹಾಗಿರಲಿಲ್ಲ. 2003ರಲ್ಲಿ ಅಧ್ಯಕ್ಷ ರೋ ಮೂ ಹ್ಯುನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ರು. ನೀವು ಇಳಿಯೋ ಏರ್‌ಪೋರ್ಟ್ ಜಾಗದಲ್ಲೇ 2007ರಿಂದ ಅಗೆದಾಗ ನೂರಾರು ಜನರ ಮೂಳೆ ಸಿಕ್ವು. ಉದ್ಯಾನದ ಮ್ಯೂಸಿಯಂನಲ್ಲಿ ಒಂದು ಕಲ್ಲನ್ನ ನಿಲ್ಲಿಸದೆ ಮಲಗಿಸಿದ್ದಾರೆ, ಅದರ ಮೇಲೆ ಒಂದಕ್ಷರ ಕೆತ್ತಿಲ್ಲ. ನಡೆದದ್ದಕ್ಕೆ ಏನು ಹೆಸರಿಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ, ಅದಕ್ಕೆ.

ಪ್ರಶ್ನೆ: ಮಡಿಕೇರಿಯಿಂದ. ನಮ್ಮ ಜನರಲ್ ತಿಮ್ಮಯ್ಯನವರು ಕೊರಿಯಾದಲ್ಲಿದ್ರು ಅಂತ ಹಿರಿಯರು ಹೇಳ್ತಾರೆ. ಈ ಆಯೋಗದಲ್ಲೇನಾ?

ಉತ್ತರ: ಇದರಲ್ಲಿ ಅಲ್ಲ, ಐದು ವರ್ಷ ಆದ್ಮೇಲೆ. 1953ರ ಜುಲೈ 27ಕ್ಕೆ ಕದನ ವಿರಾಮ ಆದಾಗ ಒಂದು ಕಗ್ಗಂಟು ಉಳಿದಿತ್ತು, ಯುದ್ಧ ಕೈದಿಗಳಲ್ಲಿ 22 ಸಾವಿರಕ್ಕೂ ಹೆಚ್ಚು ಜನ ವಾಪಸ್ ಊರಿಗೆ ಹೋಗಲ್ಲ ಅಂತಿದ್ರು. ಅವರು ನಿಜವಾಗ್ಲೂ ಹಾಗಂತಿದ್ದಾರಾ, ಯಾರಾದ್ರೂ ಹೆದರಿಸಿ ಹೇಳಿಸ್ತಿದ್ದಾರಾ ಅಂತ ನೋಡೋಕೆ ತಟಸ್ಥ ದೇಶಗಳ ಆಯೋಗ ಆಯ್ತು, ಇದಕ್ಕೆ ದಾರಿ ಮಾಡಿದ್ದು ವಿಶ್ವಸಂಸ್ಥೆಯಲ್ಲಿ ಕೃಷ್ಣ ಮೆನನ್ ತಂದ ನಿರ್ಣಯ, ಆ ಆಯೋಗದ ಅಧ್ಯಕ್ಷರು ನಿಮ್ಮ ತಿಮ್ಮಯ್ಯನವರು. ಒಂದೊಂದು ಡೇರೆಯಲ್ಲೂ ಒಬ್ಬೊಬ್ಬನನ್ನ ಕೂರಿಸಿ ಕೇಳ್ಬೇಕು. ಕ್ಯಾಂಪಿನ ಒಳಗೆ ಕೈದಿಗಳ ಮುಖಂಡರೇ ಹೆದರಿಸಿ ಇಟ್ಟಿದ್ರು, ಕೇಳೋದೇ ಅರ್ಧಂಬರ್ಧ ಆಯ್ತು. ಕೊನೆಗೆ ತಿಮ್ಮಯ್ಯನವರು ಕೈದಿಗಳನ್ನ ಅವರವರನ್ನ ಹಿಡಿದಿದ್ದ ಕಡೆಯವರಿಗೇ ವಾಪಸ್ ಒಪ್ಪಿಸಿದ್ರು, ಎರಡೂ ಕಡೆ ಬೇಡ ಅಂದ 88 ಜನ ಮಾತ್ರ ನಮ್ಮ ಸೈನ್ಯದ ಜೊತೆ ಭಾರತಕ್ಕೆ ಬಂದ್ರು. ಗೊತ್ತಾಗಲಿಲ್ಲ ಅನ್ನೋದನ್ನ ಗೊತ್ತಾಯ್ತು ಅಂತ ಬರೀದೇ ಇದ್ದದ್ದಕ್ಕೆ ನಂಗೆ ಆ ಮನುಷ್ಯನ ಮೇಲೆ ತುಂಬ ಗೌರವ.

ಪ್ರಶ್ನೆ: ದಾವಣಗೆರೆಯಿಂದ. ಆ ಎಲೆಕ್ಷನ್‌ನಲ್ಲಿ ಉತ್ತರದವರಿಗೆ ಅಂತ ಸೀಟು ಖಾಲಿ ಬಿಟ್ಟಿದ್ರಂತೆ, ಅವು ಏನಾದ್ವು? ಭಾರತ ಯಾವ ಕೊರಿಯಾನ ಒಪ್ಪಿಕೊಳ್ತು?

ಉತ್ತರ: ಎರಡನೇದು ಮೊದಲು. ಎಲೆಕ್ಷನ್ ನಡೆಸೋಕೆ ಓಟ್ ಹಾಕಿದ ಭಾರತ, ರಾಯಭಾರಿ ಮಟ್ಟದ ಸಂಬಂಧ ಶುರು ಮಾಡಿದ್ದು 1973ರಲ್ಲಿ, ಅದೂ ಎರಡೂ ಕೊರಿಯಾಗಳ ಜೊತೆ ಒಟ್ಟಿಗೇ.

ಸೀಟಿನ ವಿಷಯ, ನೂರು ಸೀಟು ಬಿಟ್ಟಿದ್ರು, ಉತ್ತರದ ಅಣ್ಣತಮ್ಮಂದಿರು ಬಂದು ಕೂರಲಿ ಅಂತ. ಆಗಸ್ಟ್ 15ಕ್ಕೆ ದಕ್ಷಿಣದಲ್ಲಿ ಗಣರಾಜ್ಯ ಘೋಷಣೆ ಆಯ್ತು. ಅದೇ ತಿಂಗಳು 25ಕ್ಕೆ ಉತ್ತರದವರೂ ತಮ್ಮದೊಂದು ಎಲೆಕ್ಷನ್ ಮಾಡಿದ್ರು, 572 ಸೀಟಿನ ಸಭೆ, ಅದರಲ್ಲಿ 360 ದಕ್ಷಿಣದ್ದು, ಅಲ್ಲೂ ಗುಟ್ಟಾಗಿ ಓಟ್ ಆಗಿದೆ ಅಂತ ಹೇಳಿಕೊಂಡ್ರು. ಸೆಪ್ಟೆಂಬರ್ 9ಕ್ಕೆ ಅವರ ಸರ್ಕಾರ. ಹೀಗೆ ಎರಡು ಮನೆಯಲ್ಲೂ ಇನ್ನೊಬ್ಬರ ಎಲೆ ಹಾಕಿಟ್ಟಿದ್ರು, ಊಟಕ್ಕೆ ಯಾರೂ ಬರಲಿಲ್ಲ. ಆ ನೂರು ಸೀಟು ಕಡೆಗೂ ತುಂಬಲಿಲ್ಲ, 1950ರ ಎಲೆಕ್ಷನ್ ಆದಾಗ ಸಭೆಯೇ 210ರದ್ದು. ಆದ್ರೆ ಉತ್ತರದ ಐದು ಪ್ರಾಂತ್ಯಗಳಿಗೆ ಐದು ಜನ ಗವರ್ನರ್‌ಗಳನ್ನ ದಕ್ಷಿಣದ ಅಧ್ಯಕ್ಷರು ಇವತ್ತಿಗೂ ನೇಮಿಸ್ತಾರೆ. ಅವರಿಗೆ ಸೋಲ್‌ನಲ್ಲಿ ಆಫೀಸಿದೆ, ಗೆರೆ ದಾಟಿ ಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿಗೆ ಹೋಗಿ ತಮ್ಮ ಊರಿನವರನ್ನ ಭೇಟಿ ಮಾಡ್ತಾರೆ.