ಆಪ್ತಸಲಹೆ ಪ್ರಕರಣ: ಹರಕೆ ಹೊತ್ತು ಹಾಡುತ್ತಿದ್ದವರ ಗಂಟಲು ಕಟ್ಟಿದಾಗ

ಇದು ದಾವಣಗೆರೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಹಾಡುವ ಹೆಣ್ಣುಮಗಳೊಬ್ಬರ ವಿಷಯ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಸಭೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ ನಲವತ್ತರ ಆಸುಪಾಸು. ಖಾಸಗಿ ಶಾಲೆಯಲ್ಲಿ ಟೀಚರ್. ಗಂಡ ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ. ಇಬ್ಬರು ಮಕ್ಕಳು. ಮದುವೆಗೆ ಮುಂಚಿನಿಂದಲೂ ಆರಾಧನಾ ತಂಡದಲ್ಲಿ ಹಾಡುತ್ತಿದ್ದಾರೆ. ನನ್ನ ಹತ್ತಿರ ಬಂದಾಗ ಧ್ವನಿ ಒಡೆದಿತ್ತು, ಮಾತು ಮಧ್ಯೆ ಮಧ್ಯೆ ಕಟ್ಟುತ್ತಿತ್ತು. ಆದರೆ ಅವರು ಬಂದದ್ದು ಗಂಟಲಿಗಾಗಿ ಅಲ್ಲ. "ಮೇಡಂ, ನಾನು ದೇವರಿಗೆ ಕೊಟ್ಟ ಮಾತು ತಪ್ಪಿದೀನಿ. ರಾತ್ರಿ ನಿದ್ದೆ ಬರ್ತಿಲ್ಲ" ಅಂದರು.

ಕೆಲವು ವರ್ಷಗಳ ಹಿಂದೆ ಅವರ ತಾಯಿ ಐಸಿಯುನಲ್ಲಿದ್ದರು. ಆಗ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದು ಹರಕೆ ಹೊತ್ತರು. ಅಮ್ಮನನ್ನು ಉಳಿಸಿಕೊಡು, ನನ್ನ ಜೀವ ಇರೋ ತನಕ ಒಂದು ಭಾನುವಾರವೂ ತಪ್ಪಿಸದೆ ನಿನ್ನ ಸನ್ನಿಧಿಯಲ್ಲಿ ಹಾಡುತ್ತೇನೆ ಅಂತ. ತಾಯಿ ಗುಣವಾಗಿ ಮನೆಗೆ ಬಂದರು. ಅಕ್ಕ ಮಾತು ಉಳಿಸಿಕೊಂಡರು. ಜ್ವರ ಬಂದರೂ ಹಾಡಿದರು. ತವರಿನ ಮದುವೆಗಳಿಗೂ ಆರಾಧನೆ ಮುಗಿಸಿಯೇ ಹೋದರು. ಕಳೆದ ವರ್ಷ ತಾಯಿ ತೀರಿಕೊಂಡರು. ಅಂತ್ಯಕ್ರಿಯೆಯ ಆರಾಧನೆಯಲ್ಲಿ ಹಾಡಿದ್ದೂ ಇವರೇ. ಹಾಡುವವರು ಬೇರೆ ಯಾರೂ ಇಲ್ಲ ಅಂತ ಸಭೆಯವರು ಕೇಳಿಕೊಂಡರಂತೆ. ಮಗಳು ಅಳಬೇಕಾದ ಹೊತ್ತಿನಲ್ಲಿ ಮೈಕ್ ಹಿಡಿದು ನಿಂತಿದ್ದರು. ಇದನ್ನು ಕೇಳಿ ನನಗೆ ತುಂಬಾ ಸಂಕಟವಾಯಿತು.

ಅದಾದ ಮೇಲೆ ಧ್ವನಿ ಕೆಡುತ್ತಾ ಬಂತು. ಮೂರು ಭಾನುವಾರ ಹಾಡಲು ಆಗಲೇ ಇಲ್ಲ. "ಅಕ್ಕ, ಪ್ರಾರ್ಥನೆ ಕಡಿಮೆ ಆಯ್ತಾ?" ಅಂತ ಒಬ್ಬರು ಕೇಳಿದರು. ಇದು ಸೈತಾನನ ಹೋರಾಟ, ಬಿಡಬೇಡಿ, ಹಾಡ್ತಾನೇ ಇರಿ ಅಂತ ಇನ್ನೊಬ್ಬರು ಧೈರ್ಯ ಹೇಳಿದರು. ಹೇಳಿದವರದು ಪ್ರೀತಿಯೇ ಇರಬಹುದು. ಆದರೆ ಎರಡು ಮಾತೂ ಅಕ್ಕನ ಎದೆಯಲ್ಲಿ ಒಂದೇ ಕಡೆ ನಾಟಿದವು.

ಮೊದಲು ನಿದ್ದೆ, ಊಟ, ಮಕ್ಕಳ ಜೊತೆಗಿನ ಒಡನಾಟ ಹೇಗಿದೆ ಅಂತ ಕೇಳಿದೆ. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಅಂಥದ್ದೇನೂ ಇರಲಿಲ್ಲ. ಆದರೂ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ.

ಆಮೇಲೆ ವಾರದ ಲೆಕ್ಕ ಬರೆಯಿಸಿದೆ. ದಿನಾ ನಾಲ್ಕೈದು ಪೀರಿಯಡ್ ಪಾಠ. ಬುಧವಾರ ಮನೆ ಪ್ರಾರ್ಥನೆ. ಶುಕ್ರವಾರ ಉಪವಾಸ ಪ್ರಾರ್ಥನೆ. ಶನಿವಾರ ಸಂಜೆ ಪ್ರಾಕ್ಟೀಸ್. ಭಾನುವಾರ ಬೆಳಿಗ್ಗೆ ಆರಾಧನೆ, ಅದಕ್ಕೂ ಮುಂಚೆ ಮಕ್ಕಳ ಸಂಡೇ ಸ್ಕೂಲ್. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮನೆಮನೆ ಕೂಟಗಳು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಒಂದೊಂದು ಮುಗಿದ ಹಾಗೆ ಒಂದು ಹಾಡು. ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ಚಳಿಯಲ್ಲಿ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡುಗಳು. ಧ್ವನಿಗೆ ರಜೆ ಯಾವತ್ತು ಅಂತ ಕೇಳಿದಾಗ ಅಕ್ಕ ಹಾಳೆಯನ್ನೇ ನೋಡುತ್ತಾ ಕೂತರು.

ಮೂರು ವಾರ ದಾಟಿದರೂ ಗಂಟಲು ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ಕಷಾಯ, ಹಬೆ, ಪ್ರಾರ್ಥನೆ ಯಾವುದನ್ನೂ ಬಿಡಬೇಕಾಗಿಲ್ಲ, ಆದರೆ ಡಾಕ್ಟರ್ ನೋಡಲೇಬೇಕು. ಅಕ್ಕನಿಗೆ ಮೊದಲು ಕೊಟ್ಟ ಸಲಹೆ ಇದೇ. ಡಾಕ್ಟರ್ ಕ್ಯಾಮೆರಾ ಹಾಕಿ ನೋಡಿದಾಗ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳು ಕಂಡವು. ಶಿಕ್ಷಕರಲ್ಲೂ ಹಾಡುವವರಲ್ಲೂ ಇದು ತುಂಬಾ ಸಾಮಾನ್ಯ. ಇವರು ಎರಡೂ ಆಗಿದ್ದರು. ಸಾಮಾನ್ಯವಾಗಿ ಮೊದಲು ಆಪರೇಷನ್ ಮಾಡುವುದಿಲ್ಲ. ಧ್ವನಿಗೆ ವಿಶ್ರಾಂತಿ, ನೀರು, ಸ್ಪೀಚ್ ಥೆರಪಿಸ್ಟ್ ಹತ್ತಿರ ಅಭ್ಯಾಸ. ಪಿಸುಮಾತು ಕೂಡ ಗಂಟಲಿಗೆ ಭಾರವೇ, ಆದ್ದರಿಂದ ಪಿಸುಗುಟ್ಟುವುದೂ ಬೇಡ ಅಂದರು.

ಕಾರಣ ಸಿಕ್ಕಿತು. ಪ್ರಾರ್ಥನೆ ಕಡಿಮೆಯಾಗಿ ಧ್ವನಿ ಹೋದದ್ದಲ್ಲ ಅಂತ ಗೊತ್ತಾಯಿತು. ಆದರೂ ಅಕ್ಕನ ಮುಖ ಅರಳಲಿಲ್ಲ. "ಹಾಗಾದ್ರೆ ಹರಕೆ?" ಅಂದರು.

ಈ ಊರಿನಲ್ಲಿ ಹರಕೆ ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಹರಕೆ ತೀರಿಸಲು ಜನ ಸೇರುತ್ತಾರೆ. ಪಕ್ಕದ ಹರಿಹರದ ಆರೋಗ್ಯಮಾತೆ ಚರ್ಚಿನ ಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ, ಬೇರೆ ಬೇರೆ ಧರ್ಮದವರು ಹರಕೆ ಹೊತ್ತು ಹೋಗುತ್ತಾರೆ. ನಾನೂ ಇಂಥ ಮನೆಯಲ್ಲೇ ಬೆಳೆದವಳು, ಕ್ರೈಸ್ತಳಲ್ಲ. ಆದ್ದರಿಂದ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಮನಸ್ಸು ನನಗೆ ಬರಲಿಲ್ಲ, ಬರಬಾರದು ಕೂಡ. ಸಂಕಟದಲ್ಲಿ ಕೊಟ್ಟ ಮಾತು ಅದು. ಅದರಲ್ಲಿ ಅಮ್ಮನ ಮೇಲಿನ ಪ್ರೀತಿಯೆಲ್ಲ ಇತ್ತು.

ಅಕ್ಕನಿಗೆ ಬೈಬಲ್‌ನ ಪ್ರಸಂಗಿ ಪುಸ್ತಕದ ಐದನೇ ಅಧ್ಯಾಯ ಬಾಯಿಪಾಠ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಅನ್ನುವ ಮಾತು ಅಲ್ಲಿದೆ. ಅದನ್ನೇ ಹೇಳಿ ಹೇಳಿ ಅಳುತ್ತಿದ್ದರು. ನಾನು ಒಂದು ಪ್ರಶ್ನೆ ಕೇಳಿದೆ: "ತೀರಿಸಬೇಕು ಅಂತ ಆಸೆ ಇದ್ದೂ ಶಕ್ತಿ ಇಲ್ಲದವರಿಗೆ ನಿಮ್ಮ ಗ್ರಂಥ ಏನು ಹೇಳುತ್ತೆ? ಮುಂದಿನ ಸಲ ಹುಡುಕಿಕೊಂಡು ಬನ್ನಿ." ನಾನೇ ಹುಡುಕಿ ಹೇಳಬಹುದಿತ್ತು. ಆದರೆ ಅವರ ನಂಬಿಕೆಗೆ ನಾನು ಹೊರಗಿನವಳು. ಉತ್ತರ ಅವರ ಕೈಯಿಂದಲೇ ಬಂದರೆ ಗಟ್ಟಿಯಾಗಿ ನಿಲ್ಲುತ್ತದೆ.

ಮುಂದಿನ ಸಲ ಬೈಬಲ್ ಹಿಡಿದೇ ಬಂದರು. ಯಾಜಕಕಾಂಡ 27ರ 8ನೇ ವಚನದಲ್ಲಿ ಬೆರಳಿಟ್ಟಿದ್ದರು. ಹರಕೆ ಹೊತ್ತವನು ಗೊತ್ತುಮಾಡಿದ ಬೆಲೆ ಕೊಡಲಾಗದಷ್ಟು ಬಡವನಾದರೆ ಅವನನ್ನು ಯಾಜಕನ ಮುಂದೆ ನಿಲ್ಲಿಸಬೇಕು, ಅವನ ಕೈಲಾಗುವಷ್ಟನ್ನು ನೋಡಿ ಯಾಜಕ ಬೆಲೆ ಕಟ್ಟಬೇಕು ಅನ್ನುವುದು ಅದರ ಸಾರ. "ಇಷ್ಟು ವರ್ಷ ಓದಿದೀನಿ ಮೇಡಂ, ಇದು ನನಗೇ ಅಂತ ಅನ್ನಿಸಿರಲಿಲ್ಲ" ಅಂದರು. ಹಾಗಾದರೆ ನಿಮ್ಮ ಹರಕೆಯನ್ನು ಯಾರ ಮುಂದೆ ಇಡಬೇಕು ಅಂತ ಕೇಳಿದೆ. ಸಭಾಪಾಲಕರ, ಅಂದರೆ ಪಾಸ್ಟರ್ ಮುಂದೆ ಅಂತ ಅವರೇ ಹೇಳಿದರು. ಆ ಹರಕೆಯ ವಿಷಯ ಅದುವರೆಗೆ ಗಂಡನಿಗೂ ಗೊತ್ತಿರಲಿಲ್ಲ.

ಹೋಗುವ ಮುಂಚೆ ಏನು ಹೇಳಬೇಕು ಅಂತ ಕೂತು ತಯಾರಿ ಮಾಡಿದೆವು. ಇದಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಸೇವೆಯಲ್ಲಿರುವವರು ದಣಿದಾಗ ಒಂದೋ ಸುಮ್ನೆ ಸಹಿಸಿಕೊಳ್ಳುತ್ತಾರೆ, ಇಲ್ಲಾ ಒಂದು ದಿನ ಸಿಟ್ಟಿನಿಂದ ಎಲ್ಲ ಬಿಟ್ಟು ಬೇರೆ ಸಭೆಗೆ ಹೋಗುತ್ತಾರೆ. ನಡುವೆ ಇರುವ ದಾರಿ ಎಂದರೆ ಕೇಳುವುದು. "ನನಗೆ ಸುಸ್ತಾಗಿದೆ" ಅಂದರೆ ಸಾಲದು. ಇಷ್ಟು ವಾರ ಹಾಡುವುದಿಲ್ಲ, ಇದು ಡಾಕ್ಟರ್ ಚೀಟಿ, ಈ ತಾರೀಖಿಗೆ ಮತ್ತೆ ಕೂತು ಮಾತಾಡೋಣ ಅಂತ ಹೇಳಬೇಕು. ಹಾಡದ ದಿನಗಳಲ್ಲಿ ತಂಡಕ್ಕೆ ಏನು ಮಾಡಬಲ್ಲೆ ಅನ್ನುವುದನ್ನೂ ಹೇಳಿ ಅಂದೆ. ಅಕ್ಕ ಹಾಡುಗಳನ್ನು ಆರಿಸಿ ಬರೆದುಕೊಡಲು ಒಪ್ಪಿದರು.

ಇನ್ನೆರಡು ಸಣ್ಣ ಸಲಹೆ ಇತ್ತು. ಕೀಬೋರ್ಡ್ ನುಡಿಸುವ ಹುಡುಗ ರೆಕಾರ್ಡಿಂಗ್‌ನಲ್ಲಿ ಇರುವ ಸ್ಕೇಲ್‌ನಲ್ಲೇ ನುಡಿಸುತ್ತಿದ್ದ. ಅದು ಅಕ್ಕನಿಗೆ ಎತ್ತರ, ಸಭೆಯ ಗಂಡಸರಿಗಂತೂ ಮುಟ್ಟುವಂತೆಯೇ ಇರಲಿಲ್ಲ. ಟ್ರಾನ್ಸ್‌ಪೋಸ್ ಬಟನ್ ಒತ್ತಿ ಇಳಿಸಿದರೆ ಆಯಿತು. ಇನ್ನೊಂದು, ಅಕ್ಕ ನಿಲ್ಲುವುದು ಡ್ರಮ್ಸ್ ಪಕ್ಕದಲ್ಲಿ, ಸ್ಪೀಕರ್‌ಗಳೆಲ್ಲ ಜನರ ಕಡೆ ಮುಖ ಮಾಡಿವೆ. ತಮ್ಮ ಧ್ವನಿ ತಮಗೆ ಕೇಳದಿದ್ದರೆ ಯಾರೇ ಆದರೂ ಕಿರುಚಿ ಹಾಡುತ್ತಾರೆ. ಹಾಡುವವರ ಕಡೆಗೆ ಒಂದು ಮಾನಿಟರ್ ಸ್ಪೀಕರ್ ಇಡಿ ಅಂತ ಹೇಳಿಕಳಿಸಿದೆ. ಮನಸ್ಸಿನ ವಿಷಯಕ್ಕೆ ಬಂದವರಿಗೆ ಸ್ಪೀಕರ್ ವಿಷಯ ಯಾಕೆ ಅನ್ನಿಸಬಹುದು. ಆದರೆ ಗಂಟಲು ನೋಯುತ್ತಿದ್ದರೆ ಅಕ್ಕನ ಮನಸ್ಸು ಮತ್ತೆ ಹರಕೆಗೇ ಹೋಗಿ ನಿಲ್ಲುತ್ತಿತ್ತು.

ಸಭಾಪಾಲಕರು ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ ತಾವೇ ಬೈಬಲ್‌ನ 1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ ತೆಗೆದು ತೋರಿಸಿದರು. ದಾವೀದ ರಾಜನ ಕಾಲದಲ್ಲಿ ಹಾಡಲು 288 ಜನರಿದ್ದರು. ಗುರು ಶಿಷ್ಯ ಅನ್ನುವ ಭೇದವಿಲ್ಲದೆ ಚೀಟಿ ಹಾಕಿ ಹನ್ನೆರಡು ಜನರ 24 ಸರದಿ ಮಾಡಿದರು. "ಅವರಿಗೇ ಸರದಿ ಇತ್ತು, ನಿಮಗೆ ನಾವು ಕೊಡಲಿಲ್ಲ" ಅಂದರಂತೆ. ಹರಕೆಯ ಬಗ್ಗೆಯೂ ತೀರ್ಮಾನ ಕೊಟ್ಟರು: ಪ್ರತಿ ಭಾನುವಾರ ಸನ್ನಿಧಿಗೆ ಬನ್ನಿ, ಧ್ವನಿ ಇದ್ದಷ್ಟು ಹಾಡಿ, ಇಲ್ಲದ ದಿನ ಕೂತು ಕೇಳಿ, ಅದನ್ನೂ ಹರಕೆಯೊಳಗೇ ಎಣಿಸುತ್ತೇನೆ. ಅವರ ಹೆಂಡತಿ ಪಾಸ್ಟರಮ್ಮ ಕೈ ಹಿಡಿದುಕೊಂಡು ಅಮ್ಮನ ವಿಷಯ ಕೇಳಿದಾಗ ಅಕ್ಕ ಮೊದಲ ಸಲ ಸಭೆಯವರ ಮುಂದೆ ಅತ್ತರು.

ಅಳು ಬಂದ ಮೇಲೆ ದುಃಖದ ಬಗ್ಗೆ ಮಾತಾಡುವುದು ಸುಲಭವಾಯಿತು. ಅಂತ್ಯಕ್ರಿಯೆಯಲ್ಲಿ ಹಾಡಿದ್ದ ಆ ಹಾಡು ಈಗಲೂ ಅವರ ಕೈಯಲ್ಲಿ ಆಗುವುದಿಲ್ಲ. ಅದನ್ನು ಸದ್ಯ ಪಟ್ಟಿಗೆ ಸೇರಿಸಬೇಡಿ ಅಂದಿದ್ದೇನೆ. ತಂಡದಲ್ಲಿ ಈಗ ಇನ್ನಿಬ್ಬರು ಹೆಣ್ಣುಮಕ್ಕಳು ಮುಂದೆ ನಿಂತು ಹಾಡುತ್ತಾರೆ. ಮೊದಮೊದಲು ಅದನ್ನು ಕೆಳಗೆ ಕೂತು ನೋಡುವುದು ಅಕ್ಕನಿಗೆ ಕಷ್ಟವಾಯಿತು. ತಮ್ಮ ಜಾಗ ಹೋಯಿತು ಅನ್ನಿಸಿತು. ಅದನ್ನು ಮುಚ್ಚಿಡದೆ ಹೇಳಿದರು, ಅದು ನನಗೆ ತುಂಬಾ ಸಮಾಧಾನ ತಂದಿತು. ಆ ಇಬ್ಬರಲ್ಲಿ ಒಬ್ಬಳು ಸಂಡೇ ಸ್ಕೂಲಿನಲ್ಲಿ ಇವರ ಹತ್ತಿರವೇ ಹಾಡು ಕಲಿತವಳು.

ಈಗ ತಿಂಗಳಿಗೆ ಎರಡು ಭಾನುವಾರ ಹಾಡುತ್ತಿದ್ದಾರೆ. ಉಪವಾಸ ಪ್ರಾರ್ಥನೆಯ ಹಾಡು ಬೇರೆಯವರದು. ಶಾಲೆಯಲ್ಲಿ ಸಣ್ಣ ಮೈಕ್ ಹಾಕಿಕೊಂಡು ಪಾಠ ಮಾಡುತ್ತಾರೆ. ಪ್ರಾರ್ಥನೆ ಕಡಿಮೆಯಾಯಿತಾ ಅಂತ ಕೇಳಿದವರು ಇನ್ನೂ ಹಾಗೇ ಕೇಳುತ್ತಾರಂತೆ. ಡಿಸೆಂಬರ್ ಕ್ಯಾರಲ್‌ಗೆ ಹೋಗುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನವೆಂಬರ್‌ನಲ್ಲಿ ಡಾಕ್ಟರ್ ಮತ್ತೆ ಗಂಟಲು ನೋಡಿದ ಮೇಲೆ ಹೇಳುತ್ತೇನೆ ಅಂತ ಸಭಾಪಾಲಕರಿಗೆ ಈಗಲೇ ತಿಳಿಸಿದ್ದಾರೆ.