ತುರಿಕೆಗೆ ಕಂಬಳಿಯೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ

ಬೀದರಿನ ಚಳಿಗೆ ಕಂಬಳಿ ತೆಗೆದಾಗಿನಿಂದ ಕತ್ತಿನಲ್ಲಿ, ಮೊಣಕೈ ಮಡಿಕೆಗಳಲ್ಲಿ ದದ್ದು ಏಳುತ್ತಿವೆ, ಅಲರ್ಜಿಯಾಗದ ಹೊದಿಕೆ ಯಾವುದು ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವ ಹೊದಿಕೆಯನ್ನೂ ಕೊಳ್ಳಬೇಡಿ ಎಂಬುದೇ ನನ್ನ ಉತ್ತರ.

ನನಗೂ ಇದೇ ಜಾಗಗಳಲ್ಲಿ, ಇದೇ ಕಾಲದಲ್ಲಿ ದದ್ದು ಏಳುತ್ತಿದ್ದವು. ವಾರದ ದಿನಗಳಲ್ಲಿ ಕಲಬುರಗಿಯಲ್ಲಿರುತ್ತಿದ್ದೆ, ಶನಿವಾರ ಶಹಾಪುರದ ತವರಿಗೆ ಹೋಗುತ್ತಿದ್ದೆ. ತವರಿನಲ್ಲಿ ಗಾದಿಯ ಮೇಲೆ ಕಡುನೀಲಿ ಬಣ್ಣದ, ಮಖಮಲ್ಲಿನಂತಹ ಪಾಲಿಯೆಸ್ಟರ್ ಚಾದರ ಹಾಸಿರುತ್ತಿತ್ತು. ಭಾನುವಾರ ರಾತ್ರಿ ಮನೆಗೆ ಮರಳಿ, ಮಾವನವರು ಕುರುಬರ ಮನೆಯಲ್ಲಿ ಹೇಳಿ ನೇಯಿಸಿ ತಂದಿದ್ದ ಕರಿಕಂಬಳಿ ಹೊದ್ದು ಮಲಗುತ್ತಿದ್ದೆ. ಸೋಮವಾರ ಬೆಳಿಗ್ಗೆಯೋ ಮಂಗಳವಾರವೋ ತುರಿಕೆ ಶುರುವಾಗುತ್ತಿತ್ತು. ಅತ್ತೆಯವರು ಪಿತ್ತದ ಗಂಧೆ ಎಂದರು. ನಾನು ಮಾತ್ರ ಹಿಂದಿನ ರಾತ್ರಿ ಮೈಮೇಲಿದ್ದುದು ಕಂಬಳಿ ತಾನೇ ಎಂದುಕೊಂಡು ಅದನ್ನು ಪರರಿಗೆ ಕೊಟ್ಟುಬಿಟ್ಟೆ. ಅದೇ ವಾರ ಬಟ್ಟೆ ಸೋಪನ್ನು ಬದಲಿಸಿದೆ, ಟ್ರಂಕಿನ ನುಸಿಗುಳಿಗೆಗಳನ್ನು ತೆಗೆದೆ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನೂ ಹಚ್ಚತೊಡಗಿದೆ. ದದ್ದು ಇಳಿದಾಗ ಇವುಗಳಲ್ಲಿ ಯಾವುದರಿಂದ ಇಳಿಯಿತೆಂದು ಹೇಳಲು ದಾರಿಯೇ ಉಳಿದಿರಲಿಲ್ಲ. ಮುಲಾಮು ನಿಲ್ಲಿಸಿದ ಕೂಡಲೇ ಅವು ಮತ್ತೆ ಎದ್ದವು.

ನನ್ನನ್ನು ದಾರಿ ತಪ್ಪಿಸಿದ್ದು ಆ ಒಂದು ರಾತ್ರಿಯ ಲೆಕ್ಕ, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಬಟ್ಟೆಯ ಬಣ್ಣ ಅಥವಾ ರಾಸಾಯನಿಕಕ್ಕೆ ಚರ್ಮ ತೋರುವ ಅಲರ್ಜಿ ಮುಟ್ಟಿದ ಕ್ಷಣಕ್ಕೆ ಏಳುವುದಿಲ್ಲ. ದೇಹದ ರಕ್ಷಣಾ ಕಣಗಳು ಆ ವಸ್ತುವನ್ನು ಗುರುತಿಸಿ ಅಲ್ಲಿಗೆ ಬಂದು ಸೇರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಅಂದರೆ ದದ್ದು ಕಂಡ ಬೆಳಿಗ್ಗೆ ಮೈಮೇಲೆ ಇರುವ ಬಟ್ಟೆಗಿಂತ, ಅದಕ್ಕೆ ಎರಡು ದಿನ ಮೊದಲು ಮೈಗೆ ತಾಗಿದ ಬಟ್ಟೆಯ ಮೇಲೆಯೇ ಹೆಚ್ಚು ಅನುಮಾನ ಪಡಬೇಕು. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ನೂಲಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಆದ್ದರಿಂದ ಬೆವರು ಮತ್ತು ತಿಕ್ಕಾಟಕ್ಕೆ ಬಿಟ್ಟುಬಂದು ಚರ್ಮಕ್ಕೆ ಇಳಿಯುತ್ತವೆ. ಅವುಗಳಲ್ಲಿ ಡಿಸ್ಪರ್ಸ್ ಬ್ಲೂ 106 ಮತ್ತು 124 ಇಂತಹ ಅಲರ್ಜಿಗೆ ಕುಖ್ಯಾತವಾದವು. ಕೊನೆಗೆ ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುಗಳನ್ನು ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ ನೋಡುವ ಪರೀಕ್ಷೆ, ಮಾಡಿಸಿದಾಗ ನನ್ನ ಬೆನ್ನಿನ ಮೇಲೆ ಕೆಂಪಾಗಿ ಊದಿದ್ದು ಈ ನೀಲಿ ಬಣ್ಣ ಹಚ್ಚಿದ್ದ ಜಾಗವೇ.

ಕಂಬಳಿಯ ಸ್ವಭಾವವೇ ಬೇರೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಸುಮಾರು 30 ಮೈಕ್ರಾನಿಗಿಂತ (ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗಕ್ಕಿಂತ) ದಪ್ಪವಾದ ಎಳೆಗಳ ತುದಿ ಚರ್ಮವನ್ನು ಚುಚ್ಚುತ್ತದೆ. ಆ ತುರಿಕೆ ಹೊದ್ದ ಕೂಡಲೇ ಬರುತ್ತದೆ, ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಉಣ್ಣೆಯ ಮೇಣಕ್ಕೆ ಅಲರ್ಜಿ ಇರುವವರು ಇದ್ದಾರಾದರೂ, ಉಣ್ಣೆಯ ಎಳೆಗೇ ನಿಜವಾದ ಅಲರ್ಜಿ ಬಹಳ ಅಪರೂಪ. ಒಳಗೆ ಮೆತ್ತನೆಯ ಹತ್ತಿ ದುಪ್ಪಟಿ ಹಾಕಿಕೊಂಡರೆ ಚುಚ್ಚುವ ತೊಂದರೆ ನಿಲ್ಲುತ್ತದೆ. ನನ್ನನ್ನು ಕೇಳಿದರೆ, ಹಳೆಯ ಹತ್ತಿ ಸೀರೆಗಳಿಂದ ಹೊಲಿದ ಕೌದಿಗಿಂತ ಒಳ್ಳೆಯ ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಷಗಟ್ಟಲೆ ಒಗೆದ ಆ ಬಟ್ಟೆಯಿಂದ ಬಿಟ್ಟುಬರುವ ಬಣ್ಣವೂ ಗಂಜಿಯೂ ಎಂದೋ ಹೋಗಿರುತ್ತವೆ.

ದದ್ದಿಗಿಂತ ಸೀನು, ಮೂಗು ಕಟ್ಟುವುದು, ಉಬ್ಬಸ ಹೆಚ್ಚಾಗಿದ್ದರೆ ಹಳೆಯ ಗಾದಿ-ದಿಂಬುಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣದಾದ ದೂಳಿನ ನುಸಿಯನ್ನು (ಡಸ್ಟ್ ಮೈಟ್) ಅನುಮಾನಿಸಿ. 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ಅದು ಸಾಯುತ್ತದೆ. ಮೇ ತಿಂಗಳ ಬಿಸಿಲಿಗೆ ಹಾಕಿದರೂ ಸಾಯಬಹುದು, ಆದರೆ ಅದರ ಕಸ ಬಟ್ಟೆಯಲ್ಲೇ ಉಳಿಯುವುದರಿಂದ ಒಗೆಯದೆ ಗತಿಯಿಲ್ಲ.

ಈಗ ನೀವು ಮಾಡಬೇಕಾದದ್ದು ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಹಾಸಿದ್ದು, ಹೊದ್ದದ್ದು, ಉಟ್ಟದ್ದು ಬರೆದಿಡಿ. ದದ್ದು ಎದ್ದ ದಿನದಿಂದ ಮೂರು ದಿನ ಹಿಂದಕ್ಕೆ ಹೋಗಿ ಓದಿ. ಒಂದು ಸಲಕ್ಕೆ ಒಂದೇ ಬಟ್ಟೆಯನ್ನು ಬಿಡಿ, ಎರಡು ವಾರ ಕಾಯಿರಿ. ನಂತರ ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್ ಕೇಳಿ, ಅನುಮಾನವಿರುವ ಬಟ್ಟೆಯ ತುಂಡೊಂದನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಆ ತುಂಡನ್ನೇ ಬೆನ್ನಿಗೆ ಅಂಟಿಸಿಯೂ ನೋಡಬಹುದು. ಪಟ್ಟಿಗಳು 48 ಗಂಟೆ ಬೆನ್ನಿನ ಮೇಲಿರಬೇಕು, ತೆಗೆದ ಮೇಲೂ ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ತೋರಿಸಬೇಕು. ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಅಥವಾ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಫಲಿತಾಂಶ ಮಸುಕಾಗುತ್ತದೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಬೇಸಿಗೆಯಲ್ಲಿ ನಮ್ಮ ಭಾಗದ ಬೆವರಿಗೆ ಆ ಪಟ್ಟಿಗಳು ಕಿತ್ತುಬರುತ್ತವೆ, ಹಾಗಾಗಿ ಶಿವರಾತ್ರಿಯೊಳಗೇ ಮಾಡಿಸಿಕೊಳ್ಳಿ.