ಸ್ಕ್ರೀನ್ ಶೇರ್ ಮಾಡಿದರೆ ಎದುರಿನವರಿಗೆ ಬರೀ ಕಪ್ಪು ಕಾಣುತ್ತದೆ, ಏನು ಮಾಡಲಿ?

ಲ್ಯಾಪ್‌ಟಾಪಿನಿಂದ ಸ್ಕ್ರೀನ್ ಶೇರ್ ಮಾಡಿದಾಗ ಒಮ್ಮೆ ಕಪ್ಪು ಪರದೆ ಬರುತ್ತದೆ, ಇನ್ನೊಮ್ಮೆ ಮೊದಲ ಸ್ಲೈಡಿಗೇ ನಿಂತುಬಿಡುತ್ತದೆ, ನೆಟ್ ಬದಲಿಸಿದರೂ ಉಪಯೋಗವಾಗಲಿಲ್ಲ ಅಂತ ಕೇಳಿದ್ದೀರಿ. ಇವೆರಡೂ ಬೇರೆ ಬೇರೆ ತೊಂದರೆ. ನೆಟ್ಟಿನದು ತಪ್ಪಿರುವುದು ಕಡಿಮೆ.

ನಾನು ಬಾಗಲಕೋಟೆ ಜಿಲ್ಲೆಯ ಇಳಕಲ್‌ನವನು, ಸೀರೆ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಒಂದು ದಿನ ಬೆಳಗಾವಿಯ ಗಿರಾಕಿಯೊಬ್ಬರಿಗೆ ಸೀರೆಯ ಫೋಟೊ ಶೇರ್ ಮಾಡಿ, "ನೋಡ್ರಿ ಅಕ್ಕಾರ, ಕೆಂಪು ಸೆರಗು, ಅದರಾಗ ಬಿಳಿ ಟೋಪ ತೆನಿ" ಅಂತ ಐದು ನಿಮಿಷ ವರ್ಣಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ತಮ್ಮಾ, ಚಂದ್ರಕಾಳಿ ಸೀರಿ ತೋರ್ಸಾಕತ್ತೀಯೇನು? ನನಗ ಬರೇ ಕರ್ರಗ ಕಾಣಾಕತ್ತೈತಿ" ಅಂದರು. ನನ್ನ ಪರದೆಯಲ್ಲಿ ಬಣ್ಣ ಎದ್ದು ಕಾಣುತ್ತಿತ್ತು!

ಅವತ್ತಿನಿಂದ ನನ್ನದು ಒಂದೇ ರೂಢಿ. ಮೀಟಿಂಗಿನ ಲಿಂಕ್ ಒತ್ತಿ ಫೋನಿನಿಂದಲೂ ಒಳಗೆ ಬರುತ್ತೇನೆ, ಫೋನನ್ನು ಲ್ಯಾಪ್‌ಟಾಪಿಗೆ ಒರಗಿಸಿ ಇಡುತ್ತೇನೆ. ಗಿರಾಕಿಗೆ ಕಾಣುವುದೇ ನನಗೂ ಕಾಣುತ್ತದೆ. ಫೋನಿನ ಮೈಕು, ಸೌಂಡು ಎರಡೂ ಬಂದ್ ಮಾಡಿರಿ, ಇಲ್ಲದಿದ್ದರೆ ಕಿವಿ ಕೀಳುವ ಹಾಗೆ ಕೂಗುತ್ತದೆ. ಸೆಟ್ಟಿಂಗ್ ಮುಟ್ಟುವ ಮೊದಲು ಇದನ್ನು ಮಾಡಿ, ಆಮೇಲೆ ಒಂದೊಂದೇ ಬದಲಿಸಿ ನೋಡಿ.

ಫೋನಿನಲ್ಲಿ ಪೂರ್ತಿ ಕಪ್ಪು ಕಂಡರೆ ಗ್ರಾಫಿಕ್ಸ್ ಮೇಲೆ, ಅಂದರೆ ಪರದೆಗೆ ಚಿತ್ರ ಮೂಡಿಸುವ ಭಾಗದ ಮೇಲೆ, ಅನುಮಾನಪಡಿ. ನನ್ನದು ಇದೇ ಆಗಿತ್ತು. ಕೆಲವು ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಪರದೆಯನ್ನು ಒಂದು ಚಿಪ್ ನಡೆಸುತ್ತಿರುತ್ತದೆ, ಮೀಟಿಂಗ್ ಆ್ಯಪ್ ಇನ್ನೊಂದರ ಮೇಲೆ ಓಡುತ್ತಿರುತ್ತದೆ. ಹೀಗಾಗಿ ಅದರ ಕೈಗೆ ಚಿತ್ರ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ. ಪಟ್ಟಿಯಲ್ಲಿ ಮೀಟಿಂಗ್ ಆ್ಯಪ್ ಹುಡುಕಿ, ಕ್ರೋಮ್‌ನಲ್ಲೇ ಮೀಟಿಂಗ್ ಮಾಡುವವರಾದರೆ ಕ್ರೋಮ್, ಅದಕ್ಕೆ 'ಪವರ್ ಸೇವಿಂಗ್' ಆರಿಸಿ. ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಕ್ರೋಮ್‌ನಲ್ಲಿ ಆಗಲೂ ಕಪ್ಪೇ ಬಂದರೆ ಅದರ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ ನೋಡಿ.

ಮ್ಯಾಕ್ ಇದ್ದರೆ ಕಥೆ ಬೇರೆ. 2019ರಲ್ಲಿ ಬಂದ ಕ್ಯಾಟಲಿನಾ ಅನ್ನುವ ಮ್ಯಾಕ್ ಆವೃತ್ತಿಯಿಂದ ಈಚೆಗೆ ಸ್ಕ್ರೀನ್ ರೆಕಾರ್ಡಿಂಗ್‌ಗೆ ನೀವೇ ಪರ್ಮಿಷನ್ ಕೊಡಬೇಕು. ಅದು ಪ್ರೈವೆಸಿ ಸೆಟ್ಟಿಂಗಿನಲ್ಲಿದೆ. ಕೊಟ್ಟ ಮೇಲೆ ಆ್ಯಪನ್ನು ಪೂರ್ತಿ ಕ್ವಿಟ್ ಮಾಡಬೇಕು, ಸುಮ್ನೆ ಕಿಟಕಿ ಮುಚ್ಚಿದರೆ ಸಾಲದು. ಇನ್ನು ನೆಟ್‌ಫ್ಲಿಕ್ಸ್‌ನಂಥವು ಕಪ್ಪಾಗಿ ಕಂಡರೆ ಅದು ಕೆಟ್ಟಿದ್ದಲ್ಲ, ಕಾಪಿ ಆಗಬಾರದು ಅಂತ ಅವರೇ ಹಾಕಿದ ಬೀಗ.

ನೆಟ್ ವಿಷಯ. ಬರೀ ಸ್ಕ್ರೀನ್ ಶೇರಿಗೆ ಝೂಮ್ ಹೇಳುವ ಲೆಕ್ಕ ಸೆಕೆಂಡಿಗೆ 50ರಿಂದ 75 ಕಿಲೋಬಿಟ್. ಅಷ್ಟು ನಮ್ಮೂರಿನ ಮೊಬೈಲ್ ಡೇಟಾದಲ್ಲೂ ಸಿಗುತ್ತದೆ. ನೆಟ್ ನಿಧಾನವಿದ್ದರೆ ಅಕ್ಷರ ಮಸುಕಾಗುತ್ತದೆ, ತಡವಾಗಿ ಬರುತ್ತದೆ. ಆಗ ನಿಮ್ಮ ಕ್ಯಾಮೆರಾ ಆಫ್ ಮಾಡಿ, ಜಾಸ್ತಿ ಡೇಟಾ ತಿನ್ನುವುದು ಅದೇ.

ಮೊದಲ ಸ್ಲೈಡಿಗೇ ನಿಲ್ಲುವುದಕ್ಕೆ ಕಾರಣ ಸಾಮಾನ್ಯವಾಗಿ ಇದು: ನೀವು ಪವರ್‌ಪಾಯಿಂಟ್‌ನ ಒಂದು ವಿಂಡೋ ಮಾತ್ರ ಶೇರ್ ಮಾಡಿರುತ್ತೀರಿ. ಸ್ಲೈಡ್ ಶೋ ಶುರು ಮಾಡಿದರೆ ಅದು ಬೇರೆಯೇ ವಿಂಡೋದಲ್ಲಿ ತೆರೆಯುತ್ತದೆ. ಎದುರಿನವರು ಹಳೆಯದನ್ನೇ ನೋಡುತ್ತಾ ಕೂತಿರುತ್ತಾರೆ. ಸ್ಲೈಡ್ ಶೋ ಮೊದಲು ಶುರು ಮಾಡಿ, ಆ ವಿಂಡೋವನ್ನೇ ಆರಿಸಿ ಶೇರ್ ಮಾಡಿ. ಇಲ್ಲವೇ ಪೂರ್ತಿ ಸ್ಕ್ರೀನ್ ಕೊಡಿ.

ಪೂರ್ತಿ ಸ್ಕ್ರೀನ್ ಕೊಡುವುದು ಸುಲಭ, ಆದರೆ 'ಡು ನಾಟ್ ಡಿಸ್ಟರ್ಬ್' ಹಾಕದೆ ಕೊಡಬೇಡಿ. ಅದೇ ಅಕ್ಕಾರ ಜೊತೆ ಎರಡನೇ ಸಲ ಮಾತಾಡುವಾಗ ನಾನು ಅದನ್ನು ಮರೆತಿದ್ದೆ. ಬಣ್ಣವೆಲ್ಲ ಚೆನ್ನಾಗಿ ಕಾಣುತ್ತಿತ್ತು. ರೇಟು ಮಾತಾಡುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ನಮ್ಮ ಮಾಲೀಕರ ವಾಟ್ಸಾಪ್ ಮೆಸೇಜ್ ಬಂತು: "ಭಾಳ ಕೇಳಿದ್ರ ಇನ್ನೂರು ಬಿಡು." ಅಕ್ಕಾರು ಭಾಳ ಕೇಳಲಿಲ್ಲ. "ಮತ್ತ ಇನ್ನೂರು ಬಿಟ್ಟು ಬಿಲ್ ಮಾಡಪಾ" ಅಂದರು, ಅಷ್ಟೇ.